ಎಚ್.ಬಿ. ಸೊಪ್ಪು

ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ವೀರಭದ್ರಯ್ಯನವರು ಒಳ್ಳೆಯ ಮನುಷ್ಯರು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ, ಬಂದವರಿಗೆ ಚಹ ಕುಡಿಸದೆ ಕಳಿಸಿದ್ದಿಲ್ಲ. ಅವರಲ್ಲಿದ್ದದ್ದು ಒಂದೇ ಐಬು. ಯಾರು ಏನು ಕೇಳಿದರೂ ‘ನನಗೆ ತಿಳಿಯದು’ ಎನ್ನುವುದು ಅವರಿಂದ ಆಗುತ್ತಿರಲಿಲ್ಲ. ಜಗಳೂರಿಗೆ ದಾರಿ ಕೇಳಿದ ಲಾರಿಯೊಂದು ಅವರ ಬೆರಳು ತೋರಿದತ್ತ ಹೋಗಿ ಕೊಟ್ಟೂರಿನಲ್ಲಿ ನಿಂತಿತ್ತು. ಡ್ರೈವರು ತಿರುಗಿ ಬಂದು ಜಗಳಕ್ಕೆ ನಿಂತಾಗ, “ಆ ದಾರೀನೂ ಹೋಗ್ತೈತಪಾ, ಸ್ವಲ್ಪ ಸುತ್ತು” ಎಂದು ಅವನಿಗೂ ಚಹ ಕುಡಿಸಿದ್ದರು.

ಹೇಳಲು ತಿಳಿಯದಿದ್ದರೆ ಏನಾದರೂ ಹೇಳುವುದು ಹೇಗೋ, ಹೇಳಿದ್ದು ತಿಳಿಯದಿದ್ದರೆ ತಿಳಿಯಿತು ಎಂದು ತಲೆಯಾಡಿಸುವುದೂ ಹಾಗೆಯೇ. ಎರಡೂ ಒಂದೇ ರೋಗದ ಎರಡು ಮುಖ.

ಅದು ಎರಡು ಸಾವಿರದ ಐದನೇ ಇಸವಿಯ ಶ್ರಾವಣ. ಸಂಡೂರಿನ ಕಡೆಯಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಹಗಲಿರುಳು ಹೆದ್ದಾರಿ ತುಳಿಯುತ್ತಿದ್ದ ಕಾಲ. ಕೊಡ, ತಂಬಿಗೆ, ಪರಾತಗಳ ಮೇಲೆ ಕೆಂಪು ಧೂಳು ಕೂರುತ್ತಿತ್ತು, ವೀರಭದ್ರಯ್ಯನವರು ಒರೆಸುತ್ತಿದ್ದರು, ಮತ್ತೆ ಕೂರುತ್ತಿತ್ತು. ಆದರೆ ಈಚೆಗೆ ಎರಡು ಕೊಡ ಒರೆಸುವುದರಲ್ಲಿ ಅವರಿಗೆ ಏದುಸಿರು. ಅಟ್ಟದ ಮೇಲಿನ ಪಾತ್ರೆ ತೆಗೆಯಲು ಸ್ಟೂಲು ಹತ್ತಿದರೆ ಕಣ್ಣಿಗೆ ಕತ್ತಲೆ. ಒಂದು ದಿನ ಮದುವೆ ಸಾಮಾನು ಕೊಳ್ಳಲು ಬಂದ ಬೀಗರ ಎದುರಿನಲ್ಲೇ ಅನ್ನದ ಹಂಡೆಗೆ ಒರಗಿ ನಿದ್ದೆ ಹೋದರು. ಬೀಗರು ಬೇರೆ ಅಂಗಡಿಗೆ ಹೋದ ಮೇಲೆ ಹೆಂಡತಿ ಶಿವಬಸಮ್ಮ ಹಟ ಹಿಡಿದು ಅವರನ್ನು ಕೊಟ್ಟೂರಿನ ಡಾಕ್ಟರ ಬಳಿ ಕಳಿಸಿದಳು.

ಡಾಕ್ಟರು ಮೈಸೂರು ಕಡೆಯವರು. ಮಾತು ಬಲು ಚುರುಕು. ರಕ್ತ ತೆಗೆಸಿ, ಕಣ್ಣಿನ ರೆಪ್ಪೆ ಮಗುಚಿ ನೋಡಿ, ಒಂದೇ ಉಸಿರಿನಲ್ಲಿ ಹೇಳಿದರು: “ಎಚ್.ಬಿ. ತುಂಬಾ ಕಡಿಮೆ ಆಗಿದೆ ನಿಮಗೆ. ಐರನ್ ಇಲ್ಲ. ಮಾತ್ರೆ ಕೊಡ್ತೀನಿ, ಆದ್ರೆ ಬರೀ ಮಾತ್ರೆ ಸಾಲದು. ಸೊಪ್ಪು ತಿನ್ನಿ. ಹೊಲದಲ್ಲಿ ತಾನಾಗಿ ಹುಟ್ಟೋ ಸೊಪ್ಪಿದ್ಯಲ್ಲ, ಅದು ಇನ್ನೂ ಒಳ್ಳೇದು. ಎಚ್.ಬಿ. ಬೇಕೇ ಬೇಕು. ಗೊತ್ತಾಯ್ತಾ?”

“ಗೊತ್ತಾತ್ರಿ” ಎಂದರು ವೀರಭದ್ರಯ್ಯನವರು.

ಹೊರಗೆ ಬಂದರೆ ಎದುರಿಗೇ ಬಸ್ ಸ್ಟ್ಯಾಂಡು. ಕಂಡಕ್ಟರೊಬ್ಬ ಬಾಗಿಲಿಗೆ ಜೋತುಬಿದ್ದು, “ಎಚ್ಬೀ, ಎಚ್ಬೀ, ಎಚ್ಬೀ! ಯಾರ್ರೀ ಎಚ್ಬೀ!” ಎಂದು ಕೂಗುತ್ತಿದ್ದ. ಕೊಟ್ಟೂರಿನಲ್ಲಿ ಹುಟ್ಟಿದ ಕೂಸಿಗೂ ಎಚ್.ಬಿ. ಎಂದರೆ ಹಗರಿಬೊಮ್ಮನಹಳ್ಳಿ. ಅಷ್ಟು ಉದ್ದದ ಹೆಸರನ್ನು ಪೂರ್ತಿ ಹೇಳುವುದರೊಳಗೆ ಬಸ್ಸೇ ಹೋಗಿಬಿಡುತ್ತದೆಂದು ಜನ ಎರಡಕ್ಷರಕ್ಕೆ ಇಳಿಸಿದ್ದರು. ವೀರಭದ್ರಯ್ಯನವರು ಬಸ್ಸಿನ ಬೋರ್ಡನ್ನು ನೋಡಿದರು. ಡಾಕ್ಟರ ಮಾತು ಈಗ ಕನ್ನಡಿಯಷ್ಟು ಸ್ಪಷ್ಟವಾಯಿತು. ಐರನ್ ಎಂದರೆ ಕಬ್ಬಿಣ. ಜಿಲ್ಲೆಯ ನೆಲದಲ್ಲೆಲ್ಲ ಕಬ್ಬಿಣ. ಎಚ್.ಬಿ. ಕಡೆ ನೆಲದಲ್ಲಿ ಅದು ಇನ್ನೂ ಹೆಚ್ಚಿರಬೇಕು. ಆ ನೆಲದ ಸೊಪ್ಪಿಗೆ ಅದು ಏರಿರುತ್ತದೆ. ಆ ಸೊಪ್ಪು ತಿಂದರೆ ಮನುಷ್ಯನಿಗೆ ಏರುತ್ತದೆ. ಇಷ್ಟು ಸರಳವಾದದ್ದನ್ನು ಬಿಡಿಸಿ ಹೇಳದೆ ಎರಡಕ್ಷರದಲ್ಲಿ ಮುಗಿಸಿದ ಡಾಕ್ಟರ ಬುದ್ಧಿಗೆ ಮೆಚ್ಚಿ, ಮಂಡಕ್ಕಿ ಮಿರ್ಚಿ ತಿಂದು, ಊರಿಗೆ ಬಂದರು.

“ಸೊಪ್ಪು ತಾನೆ? ಇವತ್ತ ತರ್ತೀನಿ ಬಿಡ್ರಿ. ನಮ್ಮ ಹಿತ್ತಲದಾಗ ಗೋಳಿ ಸೊಪ್ಪು ಕಾಲಿಗೆ ತೊಡರ್ತೈತಿ” ಎಂದಳು ಶಿವಬಸಮ್ಮ.

“ಇಲ್ಲೀದು ನಡಿಯಂಗಿಲ್ಲ. ಎಚ್.ಬಿ.ದ ಆಗಬೇಕಂತ.”

ಶಿವಬಸಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. “ಎಚ್.ಬಿ.ದಂತ ಡಾಕ್ಟ್ರು ಹೇಳಿದ್ರಾ? ಅವರ ಬಾಯಿಲೆ ಹೇಳಿದ್ರಾ?”

“ಎರಡು ಸಲ ಹೇಳಿದ್ರು.”

ಅವಳು ತಿರುಗಿ ಒಲೆಯತ್ತ ಮುಖ ಮಾಡಿದಳು. ಗಂಡನಿಗೆ ನಗು ಕಾಣಬಾರದಲ್ಲ! ಏಕೆಂದರೆ ಅವಳ ತವರು ಎಚ್.ಬಿ. ಹಳ್ಳಿ ತಾಲೂಕಿನ ತಂಬ್ರಹಳ್ಳಿ. ಅವಳು ಅಲ್ಲಿಗೆ ಕಾಲಿಟ್ಟು ಆರು ವರ್ಷವಾಗಿತ್ತು. ಅದಕ್ಕೆ ಕಾರಣವೂ ಸೊಪ್ಪೇ. ತಮ್ಮನ ಮದುವೆಯ ಮರುದಿನ ಅವಳ ತಾಯಿ ಎರ್ರಮ್ಮ ಅಳಿಯನಿಗೆಂದೇ ಅಣ್ಣಿ ಸೊಪ್ಪು ಹೊಲದಿಂದ ತರಿಸಿ, ಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬಡಿಸಿದ್ದಳು. ಬದನೆ, ಆಲೂಗಡ್ಡೆಯ ಹೊರತು ಬೇರೆ ತರಕಾರಿಗೆ ಮಾನ್ಯತೆ ಕೊಡದ ವೀರಭದ್ರಯ್ಯನವರು ಬೀಗರೆಲ್ಲರ ನಡುವೆ, “ಅಳಿಯಗ ದನದ ಮೇವು ಹಾಕ್ತೀರೇನ್ರಿ?” ಎಂದಿದ್ದರು. ತಮಾಷೆಗೇ ಅಂದದ್ದು. ಯಾರೂ ನಗಲಿಲ್ಲ. ಎರ್ರಮ್ಮ ಮಾತ್ರ ಎಲ್ಲರಿಗೂ ಕೇಳುವಂತೆ, “ಇನ್ನ ಈ ಕೈಲೆ ನಿಮಗ ಒಂದು ಎಲಿ ಸೊಪ್ಪು ಬಡಿಸಿದ್ರ ಕೇಳ್ರಿ” ಎಂದು ಬಸವಣ್ಣನ ಆಣೆ ಹಾಕಿದಳು. ವೀರಭದ್ರಯ್ಯನವರು ಕೈ ತೊಳೆದು ಎದ್ದರು. ಅಂದಿನಿಂದ ಎರಡೂ ಊರಿನ ನಡುವೆ ಬಸ್ಸು ಓಡಾಡಿತೇ ಹೊರತು ಬೀಗತನ ಓಡಾಡಲಿಲ್ಲ.

“ನಾನೂ ಬರ್ತೀನ್ರಿ” ಎಂದಳು ಶಿವಬಸಮ್ಮ.

“ಯಾತಕ್ಕ? ನಾನು ಎಚ್.ಬಿ. ಸಂತಿಗೆ ಹೋಗಿ, ಸೊಪ್ಪು ತಗೊಂಡು, ಸಂಜಿ ಬಸ್ಸಿಗೆ ಬರಾವ. ನೀನು ಅಂಗಡಿ ನೋಡ್ಕೊ.”

ಹಗರಿಬೊಮ್ಮನಹಳ್ಳಿ ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಬರವಿರಲಿಲ್ಲ. ಗೋಣಿತಟ್ಟಿನ ಮೇಲೆ ಹಸಿರು ಗುಡ್ಡೆ ಹಾಕಿಕೊಂಡು ಕೂತಿದ್ದ ದುರುಗಮ್ಮನೆಂಬ ಮುದುಕಿಯ ಮುಂದೆ ವೀರಭದ್ರಯ್ಯನವರು ಕುಕ್ಕರಗಾಲಲ್ಲಿ ಕೂತರು.

“ಈ ಸೊಪ್ಪು ಎಲ್ಲೀದಮ್ಮ?”

“ಹೊಲದ್ದು.”

“ಅದಲ್ಲ. ಯಾವ ತಾಲೂಕಿಂದು?”

ದುರುಗಮ್ಮ ಅವರನ್ನು ವಿಭೂತಿಯಿಂದ ಚಪ್ಪಲಿವರೆಗೂ ನೋಡಿದಳು. “ಸೊಪ್ಪಿಗೆ ತಾಲೂಕು ಯಾತಕ್ರಿ ಸ್ವಾಮೇರ? ಅದೇನು ಓಟು ಹಾಕ್ತೈತಾ?”

“ಔಷಧಕ್ಕ ಬೇಕಾಗಿತ್ತು. ಎಚ್.ಬಿ.ದ ಆಗಬೇಕು.”

“ಹಂಗನ್ರಿ ಮತ್ತ. ಇದು ಹರಪನಹಳ್ಳಿ ಕಡೀದು, ಅದು ಕೊಟ್ಟೂರಿಂದು. ಇಲ್ಲೀದ ಬೇಕಂದ್ರ ತಂಬ್ರಹಳ್ಳಿ ಕಡಿಗೆ ಹೋಗ್ರಿ. ಅಲ್ಲಿ ಜ್ವಾಳದ ಹೊಲದಾಗ ಏನ್ ಸೊಪ್ಪು ಬಿದ್ದೈತ್ರಿ ಈ ವರ್ಷ!”

ತಂಬ್ರಹಳ್ಳಿ ಎಂಬ ಮಾತು ಕಿವಿಗೆ ಬೀಳುವುದಕ್ಕೂ, ಬೆನ್ನ ಹಿಂದೆ ಮೋಟರ್ ಸೈಕಲ್ಲು ಗಕ್ಕನೆ ನಿಲ್ಲುವುದಕ್ಕೂ ಸರಿಹೋಯಿತು. “ಮಾವಾ!” ಎಂದು ಒಂದು ಗಂಟಲು ಕೂಗಿತು. ಅದು ಹೆಂಡತಿಯ ತಮ್ಮ ಗವಿಸಿದ್ದೇಶನದು. ಆರು ವರ್ಷದ ಮೇಲೆ ಕಂಡ ಅಕ್ಕನ ಗಂಡ ಮಾರ್ಕೆಟ್ಟಿನಲ್ಲಿ ತಂಬ್ರಹಳ್ಳಿಯ ದಾರಿ ಕೇಳುತ್ತಿದ್ದಾರೆಂದು ಅವನು ತಿಳಿದ. ಒಂದು ಮಾತಿಗೆ ಅವಕಾಶ ಕೊಡದೆ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ.

ಎರ್ರಮ್ಮನ ಮರ್ಯಾದೆಗೆ ಕಡಿಮೆಯಿರಲಿಲ್ಲ. ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು. ಕಂಬಳಿ ಹಾಸಿದಳು. ‘ಬರ್ರಿ’ ಎಂದಳು, ‘ಕುಂದ್ರಿ’ ಎಂದಳು, ಮೂರನೆಯ ಮಾತಾಡಲಿಲ್ಲ. ಮಧ್ಯಾಹ್ನ ಹೋಳಿಗೆ, ಆಲೂಗಡ್ಡೆ ಪಲ್ಯ. ರಾತ್ರಿ ಚಪಾತಿ, ಬದನೆಕಾಯಿ ಎಣ್ಣೆಗಾಯಿ. ಬೆಳಿಗ್ಗೆ ಉಪ್ಪಿಟ್ಟು, ಮತ್ತೆ ಆಲೂಗಡ್ಡೆ. ಒಳಗಿನ ಪಡಸಾಲೆಯಲ್ಲಿ ಮನೆಯವರೆಲ್ಲ ಹಸಿರು ಪಲ್ಯವನ್ನು ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು ಚಪ್ಪರಿಸುವುದು ಹೊರಗೆ ಕೂತ ಅಳಿಯನಿಗೆ ಕೇಳಿಸುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ಘಮ ಮೂಗಿಗೆ ಬಡಿಯುತ್ತಿತ್ತು.

ವೀರಭದ್ರಯ್ಯನವರು ಗಂಟಲು ಸರಿಮಾಡಿಕೊಂಡರು. “ಒಳಗ ಏನೋ ಅಡಗಿ ವಾಸನಿ ಚೊಲೋ ಬರಾಕ ಹತ್ತೈತಿ.”

“ದನದ ಮೇವು ರೀ” ಎಂದಳು ಎರ್ರಮ್ಮ. ಇನ್ನೊಂದು ಸೌಟು ಆಲೂಗಡ್ಡೆ ಬಡಿಸಿದಳು.

ರೋಗ ವಾಸಿಯಾಗಬೇಕಾದ ಜಾಗಕ್ಕೇ ಬಂದು, ಔಷಧದ ವಾಸನೆ ಕುಡಿದು ಹಿಂದಿರುಗುವ ಗತಿ ಬಂತು. ಬಾಯಿಬಿಟ್ಟು ಕೇಳುವುದೆಂದರೆ ಆರು ವರ್ಷದ ಹಟವನ್ನು ನೆಲಕ್ಕೆ ಚೆಲ್ಲಿದಂತೆ. ಮರುದಿನ ಹೊತ್ತು ಹುಟ್ಟುವ ಮೊದಲೇ ಅವರು ಕೈಯಲ್ಲಿ ತಂಬಿಗೆ ಹಿಡಿದು ಎದ್ದರು. ತಂಬಿಗೆ ಹಿಡಿದು ಹೊಲಕ್ಕೆ ಹೊರಟವನನ್ನು ಹಳ್ಳಿಯಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ.

ಮಾವನ ಮನೆಯ ಜೋಳದ ಹೊಲದಲ್ಲಿ ಕೂಲಿಯ ಕೆಂಚಕ್ಕ ಆಗಲೇ ಕಳೆ ತೆಗೆಯುತ್ತಿದ್ದಳು. ಕುಡುಗೋಲು ಆಡುತ್ತಿತ್ತು, ಬಾಯಿ ಅದಕ್ಕಿಂತ ಹೆಚ್ಚು ಆಡುತ್ತಿತ್ತು. ಕಿತ್ತ ಕಳೆಯಲ್ಲಿ ಕೆಲವನ್ನು ಬದುವಿಗೆ ಎಸೆಯುತ್ತಿದ್ದಳು, ಕೆಲವನ್ನು ಮಡಿಲಿಗೆ ಸೇರಿಸುತ್ತಿದ್ದಳು. ವೀರಭದ್ರಯ್ಯನವರು ಮಡಿಲನ್ನೇ ನೋಡುತ್ತ ನಿಂತರು.

“ಏನ್ ನೋಡಾಕ ಹತ್ತೀರಿ ಅಯ್ನೋರ?”

“ಅದರಾಗ ಯಾವುದು ಏನು ಅಂತ... ನನಗೆಲ್ಲ ಗೊತ್ತೈತಿ. ನೀನು ಏನಂತೀ ನೋಡಾಮ ಅಂತ.”

ಕೆಂಚಕ್ಕನಿಗೆ ಕೇಳುವವರು ಸಿಕ್ಕಿದ್ದೇ ಹಬ್ಬ. ಒಂದೊಂದೇ ಎತ್ತಿ ತೋರಿಸಿದಳು. “ಇದು ಕಿರಕಸಾಲಿ. ಕೂಸಿಗೂ ನಡಿತೈತಿ, ಬಾಣಂತಿಗೂ ನಡಿತೈತಿ. ಇದು ಅಣ್ಣಿ ಸೊಪ್ಪು, ಹೂ ಬಿಟ್ಟ ಮ್ಯಾಲೆ ನಾರು, ಅದಕ್ಕ ಮದ್ಲ ಬೆಣ್ಣಿ. ಇದು ಗೋಳಿ ಸೊಪ್ಪು, ಹುಳಿ ಐತಿ, ಹೊಟ್ಟಿಗೆ ತಂಪು. ಇದು ತಗಸಿ. ಮಳಿ ಬಿದ್ದ ಹೊಸತಾಗ ಚಿಗುರು ತಿನ್ನಬೇಕು, ಬಲಿತ್ರ ಕಹಿ. ಹೊನಗನ್ನಿ ಇಲ್ಲಿ ಸಿಗಂಗಿಲ್ಲ, ಹೊಳಿ ದಂಡಿಗೆ ಹೋಗ್ಬೇಕು. ಕಣ್ಣಿಗೆ ಚೊಲೊ.”

ವೀರಭದ್ರಯ್ಯನವರು ಗೋಳಿ ಸೊಪ್ಪಿನ ದಪ್ಪ ಎಲೆಯೊಂದನ್ನು ಬಾಯಿಗೆ ಹಾಕಿಕೊಂಡರು. ಹುಳಿಯಾಗಿ, ಲೋಳೆಯಾಗಿ, ಚುರುಕಾಗಿತ್ತು. ಇನ್ನೊಂದು ಹಾಕಿಕೊಂಡರು. ನಲವತ್ತೆಂಟು ವರ್ಷ ಕಾಲಕೆಳಗೆ ತುಳಿದದ್ದಕ್ಕೆ ಒಂದು ರುಚಿಯಿದೆ ಎಂಬುದೇ ಅವರಿಗೆ ಆಶ್ಚರ್ಯ.

“ಡಾಕ್ಟ್ರು ಇದನ್ನ ತಿನ್ನು ಅಂದಾರ” ಎಂದು ತಾವೇ ಗುಟ್ಟು ಬಿಟ್ಟರು. “ಎಚ್.ಬಿ. ಸೊಪ್ಪಿನಾಗ ಕಬ್ಬಿಣ ಐತಂತ.”

ಕೆಂಚಕ್ಕನ ಕುಡುಗೋಲು ನಿಂತಿತು. “ಕಬ್ಬಿಣಾ? ಈ ಹೊಲದ ಸೊಪ್ಪಿನಾಗಾ?”

“ನೆಲದಾಗ ಇದ್ದದ್ದ ಎಲಿಗೆ ಬರಬೇಕಲ್ಲ.”

ಈ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಕೆಂಚಕ್ಕ ಹುಡುಕಲೂ ಇಲ್ಲ. ಮಾತು ತಿರುಗಿಸಿ, ಬೇಲಿಗೆ ಹಬ್ಬಿದ್ದ ನಾಲ್ಕು ಮೂಲೆಯ ಹಸಿರು ಬಳ್ಳಿಯ ಕಡೆ ಕೈ ತೋರಿದಳು. “ಮೈಯಾಗ ಕಸುವು ಇಲ್ಲಂದ್ರ ಮಂಗರಬಳ್ಳಿ ತಿನ್ಬೇಕ್ರಿ. ಮುರಿದ ಎಲುಬು ಕೂಡಿಸ್ತೈತಿ ಅಂತಾರ. ಆದ್ರ ಅದನ್ನ...”

ಅಷ್ಟರಲ್ಲಿ ಹೊಲಕ್ಕೆ ದನ ನುಗ್ಗಿತು. ಕೆಂಚಕ್ಕ, “ಹೈ! ಹೈ!” ಎಂದು ಓಡಿದಳು. ‘ಆದ್ರ ಅದನ್ನ’ ಎಂಬುದರ ಮುಂದಿನ ಮಾತು ಹುಣಿಸೆಹಣ್ಣು ಹಾಕಿ ಎಣ್ಣೆಯಲ್ಲಿ ಚೆನ್ನಾಗಿ ಹುರಿದು ಚಟ್ನಿ ಮಾಡಬೇಕು, ಹಸಿಯಾಗಿ ಮುಟ್ಟಿದರೆ ಕೈಯೇ ತುರಿಸುತ್ತದೆ ಎಂಬುದಾಗಿತ್ತು. ವೀರಭದ್ರಯ್ಯನವರು ಜೀವಮಾನದಲ್ಲಿ ಯಾವ ಮಾತಿನ ಎರಡನೆಯ ಅರ್ಧಕ್ಕೂ ಕಾದವರಲ್ಲ. ಎಳೆಯ ಕುಡಿಯೊಂದನ್ನು ಮುರಿದು ಹಲ್ಲಿನಲ್ಲಿ ಕಚ್ಚಿ, ಬಲ ಬೇಕಾದವರು ಅಗಿಯುವಂತೆ ಅಗಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ನಾಲಿಗೆಯ ಮೇಲೆ ಇರುವೆ ಹರಿದಂತಾಯಿತು. ಆಮೇಲೆ ಇರುವೆಗಳ ಬಂಧುಬಳಗವೆಲ್ಲ ಬಂತು. ಗಂಟಲೊಳಗೆ ಸೂಜಿ ನೆಟ್ಟಂತೆ, ತುಟಿ ಹೋಳಿಗೆಯಂತೆ ಉಬ್ಬಿ, ವೀರಭದ್ರಯ್ಯನವರು ತಂಬಿಗೆಯ ನೀರನ್ನೆಲ್ಲ ಬಾಯಿಗೆ ಸುರಿದುಕೊಂಡು ಮನೆಯ ಕಡೆ ಓಡಿದರು. ನೀರಿನಿಂದ ತುರಿಕೆ ಹೋಗಲಿಲ್ಲ, ಮಾತು ಹೋಯಿತು.

ಕಟ್ಟೆಯ ಮೇಲೆ ಗವಿಸಿದ್ದೇಶ ಕೂತಿದ್ದ. ಅವನ ಪಕ್ಕದಲ್ಲಿ ಹುಲುಗಣ್ಣ. ಈ ಹುಲುಗಣ್ಣ ಮೊದಲು ಕುರಿ ವ್ಯಾಪಾರ ಮಾಡುತ್ತಿದ್ದವನು. ಗಣಿಯ ಗಾಳಿ ಬೀಸಿದ ಮೇಲೆ ಬಿಳಿ ಅಂಗಿ ತೊಟ್ಟು ಹೊಲ ತೋರಿಸುವ ದಲ್ಲಾಳಿಯಾಗಿದ್ದ. ವೀರಭದ್ರಯ್ಯನವರಿಗಿಂತ ಮೊದಲೇ ಕೆಂಚಕ್ಕನ ಸುದ್ದಿ ದನದ ಹಿಂದೆ ಓಡಿ ಊರು ಸೇರಿತ್ತು. ಕಾನಹೊಸಹಳ್ಳಿ ಅಯ್ನೋರು ಆರು ವರ್ಷದ ಸಿಟ್ಟು ಬಿಟ್ಟು ಯಾಕೆ ಬಂದರು? ಹೊತ್ತು ಹುಟ್ಟುವ ಮುಂಚೆ ಹೊಲದಲ್ಲಿ ಏನು ನೋಡಿದರು? ನೆಲದಲ್ಲಿ ಕಬ್ಬಿಣ ಇದೆ ಎಂದು ಅವರ ಬಾಯಿಂದಲೇ ಬಂದಿದೆಯಂತೆ!

“ಮಾವ, ಖರೇ ಹೇಳು,” ಗವಿಸಿದ್ದೇಶ ಅವರ ಎರಡೂ ಭುಜ ಹಿಡಿದ. “ನಮ್ಮ ಹೊಲದಾಗ ಕಬ್ಬಿಣ ಐತಾ?”

ವೀರಭದ್ರಯ್ಯನವರು ಬಾಯಿಗೆ ಕೈ ಹಚ್ಚಿ, “ಮ್ಮ... ಮ್ಮ...” ಎಂದರು. ಮಜ್ಜಿಗೆ ಎಂದು ಹೇಳಲು ಹೊರಟಿದ್ದರು.

“ಬಾಯಿ ಮುಚ್ಚು ಅಂತಾರ” ಎಂದ ಹುಲುಗಣ್ಣ, ಧ್ವನಿ ತಗ್ಗಿಸಿ. “ಯಾರಿಗೂ ಹೇಳಬ್ಯಾಡ ಅಂತಾರ. ಅಯ್ನೋರ, ಆಳ ಐತೇನ್ರಿ?”

ಗಂಟಲ ಆಳದಲ್ಲಿ ಉರಿಯುತ್ತಿದ್ದುದನ್ನು ನೆನೆದು ವೀರಭದ್ರಯ್ಯನವರು ಜೋರಾಗಿ ತಲೆಯಾಡಿಸಿದರು.

“ಭಾಳ ಐತೇನ್ರಿ?”

ವೀರಭದ್ರಯ್ಯನವರ ಕಣ್ಣಲ್ಲಿ ನೀರೇ ಬಂತು. ಎರಡೂ ಕೈ ಅಗಲಿಸಿ ತೋರಿಸಿದರು.

ಹುಲುಗಣ್ಣ ಎದ್ದು ನಿಂತು ಅಂಗಿಯ ಕಾಲರು ಸರಿಮಾಡಿಕೊಂಡ. ಎರ್ರಮ್ಮ ಬಾಗಿಲಿಗೆ ಬಂದು ಅಳಿಯನ ತುಟಿ ನೋಡಿದವಳೇ, ಏನೂ ಕೇಳದೆ ಒಳಗೆ ಹೋಗಿ ಹುಣಿಸೆಹಣ್ಣಿನ ಉಂಡೆಯೊಂದನ್ನು ತಂದು ಅವರ ಬಾಯಿಗೆ ತುರುಕಿದಳು. “ಹಸೀ ಮಂಗರಬಳ್ಳಿ! ಮಂಗ್ಯಾನೂ ತಿನ್ನಂಗಿಲ್ಲ ಅದನ್ನ” ಎಂದು ಗೊಣಗಿದಳು. ಆದರೆ ಮಗನೂ ದಲ್ಲಾಳಿಯೂ ಆಗಲೇ ಬೈಕು ಹತ್ತಿ ಹೋಗಿದ್ದರು.

ತುರಿಕೆ ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ನಾಲಿಗೆ ಮಾತ್ರ ಮರದ ತುಂಡಿನಂತೆ ಬಾಯಲ್ಲಿ ಬಿದ್ದಿತ್ತು. ವೀರಭದ್ರಯ್ಯನವರು ಕಂಬಳಿಯ ಮೇಲೆ ಮಲಗಿದ್ದಾಗಲೇ ಹೊಲದಲ್ಲಿ ಕೆಲಸ ಶುರುವಾಗಿತ್ತು. ಯಾರೋ ಕೆಟ್ಟ ರೇಡಿಯೋದ ಸ್ಪೀಕರು ಒಡೆದು ಅಯಸ್ಕಾಂತ ತಂದರು. ಅದನ್ನು ಮಣ್ಣಿನಲ್ಲಿ ಹೊರಳಿಸಿ ತೆಗೆದರೆ ಕಪ್ಪು ಮರಳು ಮೀಸೆಯಂತೆ ಅಂಟಿಕೊಂಡಿತ್ತು! ಬಳ್ಳಾರಿ ಸೀಮೆಯ ಯಾವ ಹಳ್ಳದಲ್ಲಿ ಹೊರಳಿಸಿದರೂ ಅಯಸ್ಕಾಂತಕ್ಕೆ ಅಷ್ಟು ಮೀಸೆ ಬರುತ್ತದೆ. ಅದನ್ನು ಆ ಹೊತ್ತಿನಲ್ಲಿ ನೆನಪಿಸುವವರು ಯಾರು? ಊರಿಗೆ ಊರೇ ಬಂದು ನೋಡಿತು. ಗವಿಸಿದ್ದೇಶ ಆಳು ಕರೆಸಿ ಜೋಳದ ನಡುವೆ ಗುಂಡಿ ತೋಡಿಸಲು ನಿಂತ.

ಇತ್ತ ಕೆಂಚಕ್ಕನ ಮಡಿಲಿಗೂ ಬೆಲೆ ಬಂತು. ಕಬ್ಬಿಣದ ಸೊಪ್ಪು ಎಂದು ಹೆಂಗಸರು ಮಕ್ಕಳು ಬುಟ್ಟಿ ಹಿಡಿದು ಬಂದರು. ಪಕ್ಕದ ಹೊಲದವರು, “ನಮ್ಮದರಾಗೂ ಕಬ್ಬಿಣ ಐತಿ, ಇಲ್ಲಿ ಕೀಳ್ರಿ” ಎಂದು ಕರೆದರು. ಆಮೇಲೆ ಯೋಚನೆ ಮಾಡಿ, “ಯಾಕ ಕೀಳ್ತೀರಿ, ಕಬ್ಬಿಣ ಖಾಲಿ ಆಗ್ತೈತಿ” ಎಂದು ಓಡಿಸಿದರು. ಕಳೆ ಕಿತ್ತರೆ ಕೂಲಿ ಕೊಡುತ್ತಿದ್ದ ಊರಿನಲ್ಲಿ ಕಳೆ ಕಿತ್ತವರನ್ನು ಕಳ್ಳರೆಂದು ಬೈಯುವ ಕಾಲ ಒಂದೇ ದಿನದಲ್ಲಿ ಬಂದುಬಿಟ್ಟಿತು.

ಎರ್ರಮ್ಮ ಹೊಲಕ್ಕೆ ಬಂದು ಗುಂಡಿಯ ಅಂಚಿನಲ್ಲಿ ನಿಂತಳು. ತೆನೆ ಕಟ್ಟುವ ಹೊತ್ತಿನ ಜೋಳ ಎರಡೂ ಕಡೆ ಮಣ್ಣಿನ ಕೆಳಗೆ ಮಲಗಿತ್ತು.

“ಲೇ ಗವಿಸಿದ್ದ, ಯಾರನ್ನ ಕೇಳಿ ಅಗಿಯಾಕ ಹತ್ತೀ?”

“ಯವ್ವಾ, ಮಾವನ ಹೇಳ್ಯಾನ! ನಾಳೆ ಹುಲುಗಣ್ಣ ಹೊಸಪೇಟಿಯಿಂದ ಪಾರ್ಟಿ ಕರಕೊಂಡು ಬರ್ತಾನ. ಇನ್ನ ಜ್ವಾಳ ಯಾರು ಬಿತ್ತಾರ? ಹೊಲಾನ ಕೊಟ್ಟುಬಿಡಾಮ.”

“ನಿಮ್ಮಪ್ಪ ಸತ್ತಾಗ ಈ ಹೊಲದ ಸೊಪ್ಪು ತಿನಿಸಿ ನಿನ್ನ ಸಾಕೀನಿ” ಎಂದಳು ಎರ್ರಮ್ಮ. ಮುರಿದ ಜೋಳದ ದಂಟುಗಳನ್ನು ಒಂದೊಂದಾಗಿ ಆಯ್ದುಕೊಂಡು ದನಕ್ಕೆಂದು ಹೊರೆ ಕಟ್ಟತೊಡಗಿದಳು.

ಆ ದೃಶ್ಯವನ್ನು, ಗದ್ದಲ ಕೇಳಿ ಎದ್ದು ಬಂದ ವೀರಭದ್ರಯ್ಯನವರು ನೋಡಿದರು. ಗುಂಡಿ ಯಾಕೆ ಎಂಬುದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ಆದರೆ ತಮ್ಮ ಹೆಸರು ಅದರೊಳಗೆ ಬಿದ್ದಿದೆ ಎಂದು ಮಾತ್ರ ಅನ್ನಿಸಿತು.

ಅಷ್ಟರಲ್ಲಿ ಗ್ರಾಮಲೆಕ್ಕಾಧಿಕಾರಿ ಅರುಣಕುಮಾರ್ ಬಂದ. ಹಡಗಲಿ ತಾಲೂಕಿನ ಮಾಗಳದವನು, ಎಳೆಯ ವಯಸ್ಸು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ತನ್ನ ಸರಹದ್ದಿನಲ್ಲಿ ಅಕ್ರಮ ಗಣಿಗಾರಿಕೆ ನಡೆದಿದೆ ಎಂಬ ಸುದ್ದಿ ಕೇಳಿ, ಉಸಿರು ಸಿಕ್ಕಿಕೊಳ್ಳುವಂತೆ ಸೈಕಲ್ಲು ತುಳಿದು ಬಂದಿದ್ದ.

“ಇಲ್ಲಿ ಅದಿರು ಐತಂತ ಮೊದಲು ಹೇಳಿದವರು ಯಾರು?” ಎಂದು ಗದರಿದ. ಊರಿನ ಕೈಗಳೆಲ್ಲ ಒಟ್ಟಿಗೇ ವೀರಭದ್ರಯ್ಯನವರ ಕಡೆ ತಿರುಗಿದವು.

“ನೀವು ಜಿಯಾಲಜಿಯವ್ರೇನ್ರಿ?”

“ಪಾತ್ರಿ ಅಂಗಡಿಯವ್ರು” ಎಂದರು ವೀರಭದ್ರಯ್ಯನವರು, ದಪ್ಪ ನಾಲಿಗೆಯಲ್ಲಿ.

“ಮತ್ತ ಕಬ್ಬಿಣ ಐತಂತ ಹೆಂಗ ಹೇಳಿದ್ರಿ?”

“ನಾನಲ್ರಿ, ಡಾಕ್ಟ್ರು. ನನಗ ಎಚ್.ಬಿ. ಕಡಿಮಿ ಐತಿ, ಐರನ್ ಇಲ್ಲ, ಸೊಪ್ಪು ತಿನ್ನು ಅಂದ್ರು. ಅದಕ್ಕ ಎಚ್.ಬಿ.ಗೆ ಬಂದೆ.”

ಅರುಣಕುಮಾರನ ಹುಬ್ಬು ಮೆಲ್ಲಗೆ ಇಳಿಯಿತು. “ಎಚ್.ಬಿ. ಕಡಿಮಿ ಐತಂತ... ಎಚ್.ಬಿ.ಗೆ ಬಂದ್ರಿ?”

“ಹೌದ್ರಿ.”

“ನಮ್ಮ ಮನ್ಯಾಕಿ ಪುಷ್ಪಲತಾಗೂ ಎಚ್.ಬಿ. ಕಡಿಮಿ ಐತಿ. ಬಸುರಿ ಅದಾಳ. ಹಡಗಲಿ ದವಾಖಾನ್ಯಾಗ ತೋರ್ಸೀವಿ.”

“ಹಡಗಲ್ಯಾಗ ಎಚ್.ಬಿ. ಹೆಂಗ ಸಿಗ್ತೈತ್ರಿ?” ವೀರಭದ್ರಯ್ಯನವರು ಮರುಗಿ ಹೇಳಿದರು. “ಇಲ್ಲಿಗೆ ಕರಕೊಂಡು ಬರ್ರಿ ಅವ್ರನ್ನ. ಒಂದು ಮನಿ ಮಾಡಿ ಇಡ್ರಿ. ಹೊರಗಿನ ಸೊಪ್ಪು ಮುಟ್ಟಿಸಬ್ಯಾಡ್ರಿ.”

ಅರುಣಕುಮಾರ್ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. ನಗು ಬರುತ್ತಿದ್ದರೂ ಸರ್ಕಾರಿ ಕೆಲಸದ ಮೇಲಿದ್ದೇನೆಂದು ತಡೆದುಕೊಂಡ. “ಸ್ವಾಮೇರ, ಎಚ್.ಬಿ. ಅಂದ್ರ ಊರಲ್ರಿ. ಹಿಮೋಗ್ಲೋಬಿನ್ ಅಂತ. ರಕ್ತಕ್ಕ ಕೆಂಪು ಕೊಡಾದು. ಅದು ಕಡಿಮಿ ಆದ್ರ ಸುಸ್ತು, ಏದುಸಿರು, ಕಣ್ಣಿಗೆ ಕತ್ತಲಿ. ಅದಕ್ಕ ಬೇಕಾಗಿದ್ದ ಕಬ್ಬಿಣ ಸೊಪ್ಪಿನಾಗ ಇರ್ತೈತಿ, ಕಾಳಿನಾಗ ಇರ್ತೈತಿ. ಅದು ಈ ಊರ ಸೊಪ್ಪಿನಾಗೂ ಐತಿ, ನಿಮ್ಮೂರ ಸೊಪ್ಪಿನಾಗೂ ಐತಿ. ಸಾಸಿವಿ ಕಾಳಷ್ಟೂ ಇರಂಗಿಲ್ಲ. ಅದನ್ನ ಲಾರಿಗೆ ಹೇರಾಕ ಬರಂಗಿಲ್ಲ.”

ಗುಂಡಿಯೊಳಗಿದ್ದ ಆಳು ತಲೆ ಎತ್ತಿ, “ಮತ್ತ ಅಗಿಲೋ, ಬಿಡಲೋ?” ಎಂದು ಕೇಳಿದ. ಕೆಂಚಕ್ಕ ಮೊದಲು ನಕ್ಕಳು. ಆಮೇಲೆ ಊರು ನಕ್ಕಿತು. ಹುಲುಗಣ್ಣ ತನಗೆ ಹೊಸಪೇಟೆಯಲ್ಲಿ ಅರ್ಜೆಂಟು ಕೆಲಸವಿದೆ ಎಂದು ಹೋದ. ಗವಿಸಿದ್ದೇಶ ಗುಂಡಿಯನ್ನೂ ಮಾವನನ್ನೂ ಒಂದಾದ ಮೇಲೊಂದು ನೋಡಿದ. ಯಾವುದರಲ್ಲಿ ಯಾವುದನ್ನು ಹೂಳಲಿ ಎಂಬಂತಿತ್ತು ಆ ನೋಟ.

ಎರ್ರಮ್ಮ ಮಾತ್ರ ನಗಲಿಲ್ಲ. ಜೋಳದ ದಂಟಿನ ಹೊರೆ ಕೆಳಗಿಟ್ಟು ಅಳಿಯನ ಎದುರಿಗೆ ಬಂದಳು.

“ಮೈಯಾಗ ರಕ್ತ ಇಲ್ಲಂತ ಹೇಳಾಕ ಏನಾಗಿತ್ರಿ? ಮೂರು ಹೊತ್ತು ನನ್ನ ಕೈಲೆ ಆಲೂಗಡ್ಡಿ ಬಡಿಸಿಕೊಂಡು ತಿಂದ್ರಲ್ಲ! ನಿಮಗೇನಾರ ಆಗಿದ್ರ ನನ್ನ ಮಗಳ ಗತಿ ಏನು?”

ವೀರಭದ್ರಯ್ಯನವರು ನೆಲ ನೋಡಿದರು. “ಕೇಳಾಕ ನಾಚಿಕಿ ಆತು, ಅತ್ತಿ. ಅವತ್ತು ಹಂಗ ಅನ್ನಬಾರದಿತ್ತು ನಾನು.”

“ಅನ್ನಬಾರದಿತ್ತು” ಎಂದಳು ಎರ್ರಮ್ಮ. ಅಷ್ಟೆ.

ಆದರೆ ಬಸವಣ್ಣನ ಆಣೆ ಬಸವಣ್ಣನ ಆಣೆಯೇ. ಅಂದು ರಾತ್ರಿ ಎರ್ರಮ್ಮ ಅಳಿಯನನ್ನು ಅಡುಗೆಮನೆಯಲ್ಲೇ ಕೂರಿಸಿದಳು. ಕಿರಕಸಾಲಿ ಸೊಪ್ಪಿನ ಪಲ್ಯದ ಬೋಗುಣಿಯನ್ನು ಎದುರಿಗಿಟ್ಟು, ಸೌಟನ್ನು ಅವರ ಬಲಗೈ ಪಕ್ಕಕ್ಕೆ ಇಟ್ಟು, ತಾನು ಗೋಡೆಯ ಕಡೆ ತಿರುಗಿ ಕೂತಳು. “ನಾ ಬಡಿಸಂಗಿಲ್ಲ ಅಂದೀನಿ. ನೀವ ಹಾಕ್ಕೊಂಡ್ರ ನಾನು ನೋಡಾಕ ಹೋಗಂಗಿಲ್ಲ. ಮ್ಯಾಲೆ ನಿಂಬಿಹಣ್ಣು ಹಿಂಡಿಕೊಳ್ರಿ. ಉಂಡ ಕೂಡ್ಲೆ ಚಾ ಕುಡಿಬ್ಯಾಡ್ರಿ, ಮೈಗೆ ಹತ್ತಂಗಿಲ್ಲ” ಎಂದು ಗೋಡೆಗೆ ಹೇಳಿದಳು.

ವೀರಭದ್ರಯ್ಯನವರು ಹಾಕಿಕೊಂಡರು. ಎರಡನೆಯ ಸಲ ಹಾಕಿಕೊಂಡಾಗ ಸೌಟು ಬೋಗುಣಿಗೆ ತಗುಲಿದ ಸದ್ದಿಗೆ ಗೋಡೆ ಕಡೆಯಿಂದ, “ಉಪ್ಪು ಸಾಕೇನ್ರಿ?” ಎಂಬ ಪ್ರಶ್ನೆ ಬಂತು.

ಮರುದಿನ ಶಿವಬಸಮ್ಮ ಬಂದಳು. ಕಾನಹೊಸಹಳ್ಳಿಗೆ ಹೋದ ಸುದ್ದಿಯಲ್ಲಿ ವೀರಭದ್ರಯ್ಯನವರ ನಾಲಿಗೆ ಬಿದ್ದುಹೋಗಿ, ಅವರು ಕಬ್ಬಿಣದ ಗಣಿಯೊಳಗೆ ಸಿಕ್ಕಿಕೊಂಡಿದ್ದರು. ಬಸ್ಸಿಳಿದು ಅಳುತ್ತ ಓಡಿಬಂದವಳಿಗೆ ಕಂಡದ್ದು ಬಾಗಿಲಲ್ಲಿ ನಿಂತ ತಾಯಿ. ತಾಯಿ ಅವಳ ಗದ್ದ ಹಿಡಿದು ಮುಖ ನೋಡಿದಳು. ಆಮೇಲೆ ಎರ್ರಮ್ಮ, “ಎಷ್ಟು ತೆಳ್ಳಗಾಗೀ ಲೇ! ನಿನಗೂ ರಕ್ತ ಇಲ್ಲ ಕಾಣ್ತೈತಿ. ಒಳಗ ನಡಿ” ಎಂದಳು. ಒಳಗೆ ಹೋದ ತಾಯಿಮಗಳ ಮಾತು ಆವತ್ತು ಮುಗಿಯಲಿಲ್ಲ, ಮರುದಿನವೂ ಮುಗಿಯಲಿಲ್ಲ. ಅಣ್ಣಿ ಸೊಪ್ಪಿಗೆ ತೊಗರಿಬೇಳೆ ಹಾಕಬೇಕೋ ಹೆಸರುಬೇಳೆಯೋ ಎಂದು ಜಗಳವಾಡಿದರು, ಅತ್ತರು, ಮತ್ತೆ ಬೇಳೆಗೇ ಬಂದರು. ನಡುವೆ ವೀರಭದ್ರಯ್ಯನವರು ಒಂದು ಸಲ ಕೆಮ್ಮಿ ನೋಡಿದರು. ಯಾರೂ ತಿರುಗಲಿಲ್ಲ.

“ನೀವು ಹೋಗಿ ಅಂಗಡಿ ನೋಡ್ಕೊಳ್ರಿ. ನಾನು ದಸರಾದ ತನಕ ಇಲ್ಲೇ ಇರ್ತೀನಿ” ಎಂದಳು ಶಿವಬಸಮ್ಮ.

ಹೊರಡುವ ದಿನ ಎರ್ರಮ್ಮ ಹಸಿ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಸೊಪ್ಪಿನ ಗಂಟನ್ನು ಕಟ್ಟಿಕೊಟ್ಟಳು. ವೀರಭದ್ರಯ್ಯನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಗಂಟಿನಿಂದ ಹಸಿ ವಾಸನೆ ಏಳುತ್ತಿತ್ತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮೂಸಿ, “ಅಣ್ಣಿ ಸೊಪ್ಪೇನಪ್ಪಾ? ನಮ್ಮ ಸೊಸಿ ಬಾಣಂತಿ ಅದಾಳ” ಎಂದಳು. ಅವಳಿಗೆ ಒಂದು ಹಿಡಿ ಕೊಟ್ಟರು. ಹಿಂದಿನ ಸೀಟಿನವನು ಎಲೆಯ ಹೆಸರು ಕೇಳಿದ. ಹೇಳಿ, ಅವನಿಗೂ ಒಂದು ಹಿಡಿ ಕೊಟ್ಟರು. ಕಂಡಕ್ಟರು ತನ್ನ ತಾಯಿ ಸತ್ತ ಮೇಲೆ ಗೋಳಿ ಸೊಪ್ಪಿನ ಸಾರು ತಿಂದೇ ಇಲ್ಲವೆಂದ. ಅವನ ಟಿಕೆಟ್ ಚೀಲಕ್ಕೂ ಅಷ್ಟು ತುರುಕಿದರು. ಕೂಡ್ಲಿಗಿ ಬರುವ ಹೊತ್ತಿಗೆ ಬಸ್ಸಿಗೆ ಬಸ್ಸೇ ಸೊಪ್ಪಿನ ಮಾತಾಡುತ್ತಿತ್ತು, ಗಂಟು ಒಂದು ಬೊಗಸೆಗೆ ಇಳಿದಿತ್ತು.

ಕಾನಹೊಸಹಳ್ಳಿಯಲ್ಲಿ ಇಳಿದು ಅವರು ನೇರ ಅಡುಗೆಮನೆಗೆ ಹೋದರು. ಜೀವಮಾನದಲ್ಲಿ ಮೊದಲ ಸಲ ಒಲೆ ಹಚ್ಚಿದರು. ಉಳಿದ ಬೊಗಸೆ ಸೊಪ್ಪನ್ನು ತೊಳೆದು, ಹೆಚ್ಚಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆಗೆ ಹಾಕಿದರು. ಬೊಗಸೆ ತುಂಬ ಇದ್ದ ಸೊಪ್ಪು ಬೆಂದು ಇಳಿದು ಒಂದು ಹಿಡಿಯಾಗಿದ್ದು ಕಂಡು, ಉಳಿದದ್ದು ಎಲ್ಲಿಗೆ ಹೋಯಿತೆಂದು ಒಲೆಯ ಹಿಂದೆಲ್ಲ ಬಗ್ಗಿ ನೋಡಿದರು. ಆಮೇಲೆ ಹಿತ್ತಲ ಬಾಗಿಲು ತೆರೆದು, ಸೊಂಟಕ್ಕೆ ಟವಲು ಸಿಕ್ಕಿಸಿ, ಇನ್ನೊಂದಷ್ಟು ಕೀಳಲು ಕುಕ್ಕರಗಾಲಲ್ಲಿ ಕೂತರು.